ಸೊನ್ನೆಯಿಂದ ಭಾಗಿಸಿದರೆ?

ಗ್ವಾಲಿಯರ್ ಕೋಟೆಗೆ ಏರುವ ದಾರಿಯಲ್ಲಿ, ಬಂಡೆಯನ್ನೇ ಕೊರೆದು ಮಾಡಿದ ಪುಟ್ಟ ಚತುರ್ಭುಜ ದೇವಾಲಯವಿದೆ. ಅಲ್ಲೊಂದು ಶಾಸನ, ಕಾಲ ಕ್ರಿ.ಶ. 876. ದೇವರ ಹೂದೋಟಕ್ಕೆ ಬಿಟ್ಟ ಜಾಗ 270 ಹಸ್ತ ಉದ್ದ, 187 ಹಸ್ತ ಅಗಲ. ದಿನವೂ ಸಲ್ಲಬೇಕಾದ ಹೂಮಾಲೆ 50. ಆ 270ರಲ್ಲೂ 50ರಲ್ಲೂ ಉರುಟಾದ ಪುಟ್ಟ ಸೊನ್ನೆ ಇದೆ, ನಾವು ಇಂದು ಬರೆಯುವಂಥದ್ದೇ. ಕೊರೆದವನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಾರದು. ಹೂವಿನ ಲೆಕ್ಕಕ್ಕೆ ಒದಗುವಷ್ಟು ಅದು ಬಳಕೆಗೆ ಬಂದಿತ್ತು.

ಖಾಲಿ ಸ್ಥಾನಕ್ಕೆ ಗುರುತು ಹಾಕುವುದು ಬಾಬಿಲೋನಿಯದವರಿಗೂ ಮಾಯಾ ಜನರಿಗೂ ಗೊತ್ತಿತ್ತು. ನನ್ನ ಬೆರಗೆಲ್ಲ ಅದರ ಮುಂದಿನ ಹೆಜ್ಜೆಯ ಮೇಲೆ. ಕ್ರಿ.ಶ. 628ರಲ್ಲಿ, ಇಂದಿನ ರಾಜಸ್ಥಾನದ ಭೀನ್ಮಾಲ್ ಊರಿನ ಬ್ರಹ್ಮಗುಪ್ತ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, 'ಬ್ರಾಹ್ಮಸ್ಫುಟಸಿದ್ಧಾಂತ' ಬರೆದ. ಧನವೂ ಋಣವೂ ಸಮನಾಗಿ ಕೂಡಿದರೆ ಉಳಿಯುವುದು ಶೂನ್ಯ ಎಂದ. ಸಾಲ ತೀರಿಸಿ ಕೈ ಝಾಡಿಸಿಕೊಂಡವನಿಗೆ ಈ ಮಾತು ಥಟ್ಟನೆ ತಿಳಿಯುತ್ತದೆ. ಬ್ರಹ್ಮಗುಪ್ತ ಅಷ್ಟಕ್ಕೇ ನಿಲ್ಲಲಿಲ್ಲ. ಆ 'ಇಲ್ಲ'ವನ್ನು ಉಳಿದ ಸಂಖ್ಯೆಗಳ ಪಂಕ್ತಿಯಲ್ಲೇ ಕೂರಿಸಿ, ಕೂಡಿದರೆ ಏನು, ಕಳೆದರೆ ಏನು, ಗುಣಿಸಿದರೆ ಏನು ಎಂದು ನಿಯಮ ಹೇಳಿದ. ಇಲ್ಲದ್ದಕ್ಕೂ ಒಂದು ನಡತೆ ಇದೆ ಎಂದು ನಂಬಲು ಎಂಥ ಧೈರ್ಯ ಬೇಕು! ಬೌದ್ಧ ದಾರ್ಶನಿಕ ನಾಗಾರ್ಜುನನ ಶೂನ್ಯತೆಯ ತತ್ತ್ವದಿಂದಲೇ ಗಣಿತದ ಸೊನ್ನೆ ಹುಟ್ಟಿತೆಂದು ಹೇಳುವವರಿದ್ದಾರೆ. ಹಾಗೆನ್ನಲು ನೇರವಾದ ಆಧಾರ ಇಲ್ಲ. ಬ್ರಹ್ಮಗುಪ್ತನ ಸೂತ್ರಗಳಲ್ಲಿರುವುದು ಲೆಕ್ಕ ಮಾತ್ರ.

ಆದರೆ ಭಾಗಾಕಾರ ಅವನಿಗೂ ಸುಲಭಕ್ಕೆ ಒಲಿಯಲಿಲ್ಲ. ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯ ಎಂದ. ಬೇರೆ ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದಾಗ ಅದರ ಬೆಲೆ ಎಷ್ಟೆಂದು ಹೇಳದೆ, ಶೂನ್ಯವೇ ಛೇದವಾಗಿರುವ ರಾಶಿ ಎಂದಷ್ಟೇ ಬಿಟ್ಟ.

ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಆ ಪ್ರಶ್ನೆ ನಮ್ಮ ನಾಡಿಗೆ ಬಂತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ರಚಿಸಿದ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂಬುದು ಅವನ ಉತ್ತರ. ಅದು ತಪ್ಪು. ಆದರೂ ಆ ಯೋಚನೆಯ ಜಾಡು ನನಗೆ ಕಾಣುವಂತಿದೆ: ಹಂಚಿಕೊಳ್ಳಲು ಯಾರೂ ಇಲ್ಲವೆಂದಮೇಲೆ ಇದ್ದದ್ದು ಇದ್ದಲ್ಲೇ ಇರುತ್ತದಲ್ಲವೇ? ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಹೇಳಿದವನೂ ಇವನೇ.

ಆಮೇಲೆ ಬಂದವನು 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ. ಛೇದದಲ್ಲಿ ಸೊನ್ನೆಯುಳ್ಳ ಇಂಥ ರಾಶಿಯನ್ನು ಅವನು 'ಖಹರ' ಎಂದು ಕರೆದ. ಅದು ಅನಂತ ಎಂದ. ಅದಕ್ಕೆ ಎಷ್ಟು ಕೂಡಿದರೂ ಎಷ್ಟು ಕಳೆದರೂ ವ್ಯತ್ಯಾಸವಾಗದು. ಸೃಷ್ಟಿ-ಪ್ರಲಯಗಳಲ್ಲಿ ಜೀವರಾಶಿಗಳು ಹೊರಬಂದರೂ ಒಳಸೇರಿದರೂ ಅಚ್ಯುತನು ಹೇಗೆ ಬದಲಾಗುವುದಿಲ್ಲವೋ ಹಾಗೆ, ಎಂದು 'ಬೀಜಗಣಿತ'ದಲ್ಲಿ ವಿವರಿಸಿದ. ಲೆಕ್ಕ ಹೇಳಿಕೊಡುತ್ತಲೇ ಒಬ್ಬ ಗುರು ಅನಂತದ ಎದುರು ನಿಂತುಬಿಟ್ಟ ಗಳಿಗೆ ಅದು. ಅದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಂದಿನ ಗಣಿತ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ. ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಅದು ಮುಗಿದುಹೋಗುತ್ತದೆ. ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಯಾವುದಾದರೂ ಮಗು ಎದ್ದು ನಿಂತು "ಯಾಕೆ ಭಾಗಿಸಬಾರದು ಸಾರ್?" ಎಂದು ಕೇಳಿದರೆ, ನಿಯಮ ಹೇಳುವ ಮೊದಲು ಈ ಮೂವರ ಕಥೆ ಹೇಳಿ.