ಚಿತ್ರದೊಳಗಿನವರಿಗೆ ಮೈಕೊಡುವ ಹೊಣೆ

ಒಬ್ಬ ಕಲಾವಿದನು ರೇಖೆಗಳಿಂದ ಸೃಷ್ಟಿಸಿದ ವ್ಯಕ್ತಿಗೆ ಇನ್ನೊಬ್ಬನು ರಕ್ತಮಾಂಸದ ಮೈಯನ್ನು ಕೊಡಹೊರಟರೆ, ಅವನು ಯಾರಿಗೆ ಋಣಿಯಾಗುತ್ತಾನೆ? ಜಪಾನಿನಲ್ಲಿ ಮಂಗಾ ಎಂಬ ಚಿತ್ರಕಥೆಗಳನ್ನು ನಟರಿಂದ ಆಡಿಸಿ ಚಲನಚಿತ್ರವಾಗಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇಂದು ನಮ್ಮ ಹಳ್ಳಿಗಳ ಮಕ್ಕಳೂ ಮೊಬೈಲಿನಲ್ಲಿ ಅವುಗಳನ್ನು ಕಾಣಬಲ್ಲರು. ಆದುದರಿಂದ ಈ ಪ್ರಶ್ನೆ ನಮಗೆ ಹೊರಗಿನದಲ್ಲ.

ಮೂಲವನ್ನು ಹೋಲುವುದೇ ನಿಷ್ಠೆಯೆಂದು ಹಲವರು ಭಾವಿಸುತ್ತಾರೆ. ಚಿತ್ರಕಥೆಯಲ್ಲಿ ಒಂದು ಚೌಕಕ್ಕೂ ಮತ್ತೊಂದಕ್ಕೂ ನಡುವೆ ತೆರಪಿರುತ್ತದೆ. ಅಲ್ಲಿ ನಡೆದದ್ದನ್ನು ಓದುಗನೇ ಊಹಿಸಿಕೊಳ್ಳಬೇಕು. ಪಾತ್ರದ ದನಿಯನ್ನೂ ಅವನೇ ಕೇಳಿಸಿಕೊಳ್ಳಬೇಕು. ನಟನು ಬಂದೊಡನೆ ಆ ದನಿ, ಆ ನಡಿಗೆ ಒಂದೇ ಆಗಿ ನಿಂತುಬಿಡುತ್ತವೆ. 'ಇವನು ನಮ್ಮವನಲ್ಲ' ಎಂದು ಓದುಗನು ಮರುಗುವುದು ಸಹಜವೇ. ಆದರೆ ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದಲ್ಲಿ ಗಂಡಸರು ಸತ್ಯಭಾಮೆಯಾಗಿ ಕುಣಿದಾಗ ಜನರು ಹೋಲಿಕೆಯನ್ನು ಅಳೆಯುತ್ತ ಕೂಡಲಿಲ್ಲ. ಅವಳ ಮುನಿಸು ನಿಜವೆನಿಸಿದರೆ ಅವರಿಗೆ ಸಾಕಾಗಿತ್ತು. 'ಓಲ್ಡ್‌ಬಾಯ್' ಎಂಬ ಜಪಾನೀ ಚಿತ್ರಕಥೆಯನ್ನು 2003ರಲ್ಲಿ ಪಾರ್ಕ್ ಚಾನ್-ವುಕ್ ಅವರು ಕೊರಿಯಾಕ್ಕೆ ತಂದರು. ನಾಯಕನ 10 ವರ್ಷಗಳ ಸೆರೆ 15 ಆಯಿತು. ಸೆರೆಗೆ ಕಾರಣವೂ ಬೇರೆಯಾಯಿತು. ಆದರೂ ಕಾರಣ ತಿಳಿಯದೆ ಸೆರೆಯುಂಡವನ ಸಂಕಟ ಉಳಿಯಿತು. ಹೀಗಾಗಿ ಬದಲಾವಣೆ ತಾನಾಗಿಯೇ ದ್ರೋಹವಾಗುವುದಿಲ್ಲ.

ಹಾಗಾದರೆ ದ್ರೋಹ ಯಾವುದು? ಅಕಿರಾ ತೊರಿಯಾಮ ಅವರ 'ಡ್ರ್ಯಾಗನ್ ಬಾಲ್' ಕಥೆಯಿಂದ 2009ರಲ್ಲಿ ಅಮೆರಿಕದವರು ಒಂದು ಚಿತ್ರ ತೆಗೆದರು. ಹೆಸರುಗಳು ಉಳಿದವು, ಜೀವ ಹೋಯಿತು. ಚಿತ್ರಕಥೆ ಬರೆದ ಬೆನ್ ರ‍್ಯಾಮ್ಸಿ ಅವರು 2016ರಲ್ಲಿ ಅಭಿಮಾನಿಗಳ ಕ್ಷಮೆ ಕೋರಿದರು. ತಾವು ಆ ಕೆಲಸಕ್ಕೆ ಕೈಹಾಕಿದ್ದು ಕಥೆಯ ಮೇಲಿನ ಪ್ರೀತಿಯಿಂದಲ್ಲ, ದೊಡ್ಡ ಸಂಭಾವನೆಯ ಆಸೆಯಿಂದ ಎಂದು ಒಪ್ಪಿಕೊಂಡರು. ತಪ್ಪಿನ ಬೇರು ಇಲ್ಲಿದೆ. ಪ್ರೀತಿಸದೆ ಮುಟ್ಟಿದ್ದನ್ನು ಕುಶಲತೆ ಕಾಪಾಡಲಾರದು.

ಮೂಲಕಾರನ ಋಣ, ಓದುಗನ ಋಣ ಇವೆರಡಕ್ಕಿಂತ ಭಾರವಾದ ಮೂರನೆಯದೊಂದಿದೆ. ಅದು ನಿಜವಾಗಿ ಬದುಕಿದವರ, ಸತ್ತವರ ಋಣ. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಕೇಜಿ ನಕಜಾವ ಎಂಬ 6 ವರ್ಷದ ಬಾಲಕನು ಶಾಲೆಯ ಗೋಡೆಯ ಮರೆಯಲ್ಲಿದ್ದುದರಿಂದ ಬದುಕಿದನು. ಅವನ ತಂದೆ, ಅಕ್ಕ, ತಮ್ಮ ಸತ್ತರು. ತಾಯಿ ಅದೇ ದಿನ ಹೆಣ್ಣುಮಗುವನ್ನು ಹೆತ್ತಳು. ದೊಡ್ಡವನಾದ ಮೇಲೆ ಅವರು ಇದನ್ನೇ ಆಧರಿಸಿ 1973ರಿಂದ 'ಬರಿಗಾಲ ಗೆನ್' ಚಿತ್ರಕಥೆಯನ್ನು ಬರೆದರು. 1976ರಲ್ಲಿ ತೆಂಗೊ ಯಮದಾ ಅವರು ಅದನ್ನು ನಟರಿಂದ ಆಡಿಸಿ ಚಲನಚಿತ್ರ ಮಾಡಿದರು. ಇಂತಹ ಕಥೆಯಲ್ಲಿ ಉರಿಯುವ ಮನೆ ಬರಿಯ ದೃಶ್ಯವಲ್ಲ. ನೋಡುವವರ ಮೈ ಜುಮ್ಮೆನ್ನಲೆಂದು ಅದನ್ನು ಬೆಳೆಸಿದರೆ, ಸತ್ತ ಮಗುವನ್ನು ಮಾರಿದಂತಾಗುತ್ತದೆ.

ಈ ಹೊಣೆ ನಮ್ಮ ಜಿಲ್ಲೆಗೂ ಪರಿಚಿತವಾದದ್ದು. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಚೀನಕ್ಕೆ ಹೋಗಿ, ಜಪಾನಿನ ಆಕ್ರಮಣದಲ್ಲಿ ಗಾಯಗೊಂಡವರ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ಮಡಿದರು. ಕೆ. ಎ. ಅಬ್ಬಾಸರು ಅವರ ಕಥೆಯನ್ನು ಪುಸ್ತಕವಾಗಿ ಬರೆದರು. ಅದರಿಂದ ವಿ. ಶಾಂತಾರಾಮರು 1946ರಲ್ಲಿ ಚಿತ್ರ ತೆಗೆದು ತಾವೇ ಕೋಟ್ನೀಸರಾದರು. ಚೀನೀ ಪತ್ನಿ ಕ್ವೊ ಚಿಂಗ್‌ಲಾನ್ ಅವರ ಪಾತ್ರವನ್ನು ಜಯಶ್ರೀ ವಹಿಸಿದರು. ಮುಖ ಚೀನದ್ದಾಗಿರಲಿಲ್ಲ, ಅದು ಸಣ್ಣ ಕೊರತೆ. ಆ ವಿಧವೆಯ ಶೋಕದ ಕಾರಣವನ್ನೇ ತಿರುಚಿದ್ದರೆ ಅದು ದೊಡ್ಡ ಅಪರಾಧವಾಗುತ್ತಿತ್ತು. ಒಂದು ಕಥೆ ಜಪಾನೀ ಸೇನೆಯಿಂದ ನೊಂದವರದು, ಇನ್ನೊಂದು ಜಪಾನಿನಲ್ಲೇ ಸುಟ್ಟ ಮಕ್ಕಳದು. ಎರಡನ್ನೂ ಸಮನಾಗಿ ನೋಯಬಲ್ಲ ಮನಸ್ಸನ್ನು ಬೆಳೆಸುವುದಾದರೆ ಮಾತ್ರ ಕಲೆಗೆ ಬೆಲೆ.

ಕಲೆ ಸ್ವತಂತ್ರವಾದುದು, ಅದಕ್ಕೆ ಋಣದ ಕಟ್ಟು ಏಕೆ ಎಂದು ಕೇಳುವವರಿದ್ದಾರೆ. ಸ್ವತಂತ್ರವಾದುದು ನಿಜ, ಆದರೆ ಪರರ ಬೀಜವನ್ನು ಬಿತ್ತಿದ ರೈತನು ಹೊಲ ತನ್ನದೆಂದ ಮಾತ್ರಕ್ಕೆ ಬೀಜದ ಋಣವನ್ನು ಅಲ್ಲಗಳೆಯಲಾರನು. ಸಾಲುಗಳನ್ನು ತನ್ನ ಇಷ್ಟದಂತೆ ಎಳೆಯಲಿ, ಬೆಳೆ ಸತ್ತ್ವವುಳ್ಳದ್ದಾಗಿರಲಿ.

ಶಿಕ್ಷಕರಾದ ನಾವು ಮಾಡಬೇಕಾದುದು ಇಷ್ಟೇ. ಸಿನಿಮಾ ನೋಡಬೇಡಿರೆಂದು ಮಕ್ಕಳನ್ನು ತಡೆಯುವುದು ವ್ಯರ್ಥ. ಮೂಲ ಕಥೆ ಸಿಕ್ಕಿದರೆ ಅದನ್ನು ಮೊದಲು ಓದಿಸೋಣ, ತೆರಪುಗಳನ್ನು ಅವರೇ ತುಂಬಲಿ. ಅನಂತರ ಚಿತ್ರವನ್ನು ನೋಡಿದಾಗ 'ಅದರಂತೆಯೇ ಇದೆಯೆ?' ಎಂದು ಕೇಳದೆ, 'ಯಾರ ನೋವು ಇಲ್ಲಿ ಉಳಿದಿದೆ, ಯಾರದು ಕಳೆದುಹೋಗಿದೆ?' ಎಂದು ಕೇಳಲು ಕಲಿಸೋಣ. ಈ ಪ್ರಶ್ನೆಯನ್ನು ಕಲಿತ ಮಗು ಪರರ ಬದುಕಿನ ಬಗ್ಗೆ ಮಾತನಾಡುವಾಗಲೂ ಎಚ್ಚರದಿಂದಿರುತ್ತದೆ.