ಪಾದಯಾತ್ರೆಯೂ ದೂರವಾಣಿಯೂ

ಯುಗಾದಿ ಸಮೀಪಿಸಿತೆಂದರೆ ಪೀಣ್ಯದ ಕಾರ್ಖಾನೆಗಳಲ್ಲಿ ರಜೆಯ ಅರ್ಜಿಗಳು ಹೆಚ್ಚತೊಡಗುತ್ತವೆ. ಅಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆ ಸೀಮೆಯ ತರುಣರಲ್ಲಿ ಕೆಲವರು ಊರಿಗೆ ತೆರಳಿ, ಮಲ್ಲಯ್ಯನ ಕಂಬಿಯೊಡನೆ ಶ್ರೀಶೈಲಕ್ಕೆ ನಡೆಯುತ್ತಾರೆ. ಶಿವರಾತ್ರಿಗೆ ಬೆಂಗಳೂರಿನ ದಕ್ಷಿಣದ ಅಂಚಿನಿಂದ ಕನಕಪುರದ ಮಾರ್ಗವಾಗಿ, ಸಂಗಮದಲ್ಲಿ ಕಾವೇರಿಯನ್ನು ದಾಟಿ, ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗುವವರೂ ಉಂಟು. ಇಂದು ಇವರಲ್ಲಿ ಬಹುತೇಕ ಎಲ್ಲರ ಜೇಬಿನಲ್ಲಿಯೂ ಮೊಬೈಲು ಇದೆ. ಇದರಿಂದ ಪಾದಯಾತ್ರೆಯ ಸತ್ವವೇ ಕುಂದಿತೆಂದು ಹಿರಿಯರನೇಕರು ಖೇದಪಡುತ್ತಾರೆ. ಈ ಮಾತು ವಿಚಾರಣೀಯವಾಗಿದೆ. (ಇಷ್ಟಲಿಂಗ ಅಂಗೈಯಲ್ಲಿರುವವನಿಗೆ ಕ್ಷೇತ್ರಯಾತ್ರೆ ಏತಕ್ಕೆಂಬುದು ಬೇರೆಯೇ ಒಂದು ಜಿಜ್ಞಾಸೆ, ಅದನ್ನಿಲ್ಲಿ ಎತ್ತುವುದಿಲ್ಲ.)

ಹಿಂದೆ ನಡೆಯಲು ಹೊರಟವನು ಮನೆಯ ಪಾಲಿಗೆ ಕೆಲವು ವಾರ ಇಲ್ಲವಾಗುತ್ತಿದ್ದನು. 1948ರಲ್ಲಿ ದೂರವಾಣಿ ಕಾರ್ಖಾನೆ ಸ್ಥಾಪಿತವಾಗಿ, ಬೆಂಗಳೂರಿನ ಪೂರ್ವದಲ್ಲಿ ದೂರವಾಣಿನಗರವೆಂಬ ಬಡಾವಣೆಯೇ ಬೆಳೆದರೂ, ಆ ಯಂತ್ರವು ಹಳ್ಳಿಯ ಸಾಮಾನ್ಯ ಮನೆಯನ್ನು ಸೇರಲು ದಶಕಗಳೇ ಬೇಕಾದವು. ಮೊಬೈಲ್ ಸೇವೆ ನಮ್ಮ ದೇಶದಲ್ಲಿ ಆರಂಭವಾದದ್ದು 1995ರಲ್ಲಿ. ಅಲ್ಲಿಯವರೆಗೆ ಯಾತ್ರಿಕನ ಸುದ್ದಿ ತಿಳಿಯಲು ಕಾಗದ ಬರಬೇಕು, ಇಲ್ಲವೆ ಅವನೇ ಬರಬೇಕು. ತಂತಿ ಬಂದರೆ ಎದೆ ನಡುಗುತ್ತಿತ್ತು.

ಈ ಅಗಲಿಕೆಯನ್ನು ನಾವು ವೈರಾಗ್ಯವೆಂದು ಕೊಂಡಾಡುತ್ತೇವೆ. ಆದರೆ ಆ ವೈರಾಗ್ಯದ ಬೆಲೆಯನ್ನು ತೆತ್ತವರು ಯಾರು? ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನುಗಳ ಮೂಲಕ ಸಾಗುವ ನಲ್ಲಮಲೆಯ ಕಾಡುದಾರಿಯಲ್ಲಿ ಶಿವನಾಮವನ್ನು ನುಡಿಯುತ್ತ ನಡೆದವನಿಗೆ ಚಿಂತೆ ಇರಲಿಲ್ಲ, ನಿಜ. ಅವನ ಪಾಲಿನ ಚಿಂತೆಯನ್ನೂ ಸೇರಿಸಿ ಹೊತ್ತವಳು ಮನೆಯಲ್ಲಿ ಒಲೆಯ ಮುಂದೆ ಕುಳಿತ ತಾಯಿ, ಮಡದಿ. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿ ಶ್ರೀಶೈಲಕ್ಕೆ ನಡೆದದ್ದು ಮರಳಿ ಬರುವುದಕ್ಕಲ್ಲ. ನಾವು ಹೋಗಿ ಮರಳುವವರು, ಮರಳಿ ಅದೇ ಮನೆಯ ಅನ್ನವನ್ನು ಉಣ್ಣುವವರು. ಸಂಜೆ ತಂಗುದಾಣದಲ್ಲಿ ಕುಳಿತು, "ಅವ್ವಾ, ಅರಾಮ ಇದ್ದೇನಿ, ಉಂಡೇನಿ" ಎನ್ನುವ ಮಗನ ಭಕ್ತಿಗೆ ಯಾವ ಊನವೂ ಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ದಯೆಯನ್ನು ಧರ್ಮದ ಬೇರೆಂದು ಸಾರಿದ ಪರಂಪರೆ ನಮ್ಮದು.

ಆದರೆ ಅದೇ ಯಂತ್ರ ಇನ್ನೂ ಎರಡು ಕೆಲಸ ಮಾಡುತ್ತದೆ. ಅವುಗಳಲ್ಲಿ ಮೊದಲನೆಯದು ದಾರಿ ತೋರಿಸುವುದು. ನಕಾಶೆ ಕೈಯಲ್ಲಿರುವಾಗ ಹೊಲದಲ್ಲಿ ನಿಂತ ರೈತನನ್ನು ಕೇಳುವ ಪ್ರಮೇಯವಿಲ್ಲ. ಕೇಳುವವನು ಒಂದು ಕ್ಷಣ ಬಾಗುತ್ತಾನೆ. ಹೇಳುವವನು ನೀರು ಬೇಕೇ ಎನ್ನುತ್ತಾನೆ, ಕಟ್ಟೆಯ ಮೇಲೆ ಕೂರಿಸುತ್ತಾನೆ, ಊರ ಸುದ್ದಿ ಕೇಳುತ್ತಾನೆ. ದಾರಿಯುದ್ದಕ್ಕೂ ಚಪ್ಪರ ಹಾಕಿ ರೊಟ್ಟಿ, ಮಜ್ಜಿಗೆ ನೀಡಿ, ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕುವ ದಾಸೋಹವು ಹುಟ್ಟಿದ್ದೇ ಹೀಗೆ ಕೇಳುವವನು ಮತ್ತು ಕೊಡುವವನು ಎದುರಾಗುವಲ್ಲಿ. ಯಾರನ್ನೂ ಕೇಳದೆ ತಲುಪಿದವನು ಕ್ಷೇತ್ರವನ್ನು ಕಂಡಾನು, ನಡುವಿನ ನಾಡನ್ನು ಕಾಣನು. ಇನ್ನು ಹೆಜ್ಜೆಹೆಜ್ಜೆಗೂ ತನ್ನ ಚಿತ್ರವನ್ನು ತೆಗೆದು ಜಗತ್ತಿಗೆ ಕಳುಹಿಸುವವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ತೋರಿಕೆಯ ಭಕ್ತಿಯನ್ನು ಶರಣರು ಆಗಲೇ ಸಾಕಷ್ಟು ಜಾಲಾಡಿದ್ದಾರೆ.

ಎರಡನೆಯದು ಇದಕ್ಕಿಂತ ಗಂಭೀರವಾದುದು. 1978ರಲ್ಲಿ ಕೋನಪ್ಪನ ಅಗ್ರಹಾರದ ಬಳಿ ತಲೆಯೆತ್ತಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ ದುಡಿಯುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನರಿಗೆ ರಜೆಯೆಂಬುದು ಕಾಗದದ ಮೇಲಷ್ಟೇ. ತಾಳಬೆಟ್ಟದ ಬುಡದಲ್ಲಿ ನಿಂತವನಿಗೂ ಕಚೇರಿಯಿಂದ ಕರೆ ಬರುತ್ತದೆ. "ಕಾಯಕ ದೊಡ್ಡದಲ್ಲವೆ? ಉತ್ತರಿಸಲಿ" ಎನ್ನುವವರಿದ್ದಾರೆ. ಜಾರಿಬಿದ್ದ ಲಿಂಗವನ್ನೂ ಗಮನಿಸದೆ ಕಾಯಕಕ್ಕೆ ನಡೆದ ನುಲಿಯ ಚಂದಯ್ಯನ ಕಥೆಯನ್ನು ಅವರು ಉದಾಹರಿಸುತ್ತಾರೆ. ಚಂದಯ್ಯ ಹುಲ್ಲು ಕೊಯ್ದದ್ದು ತನ್ನ ಮನವೊಪ್ಪಿ, ಜಂಗಮ ದಾಸೋಹಕ್ಕಾಗಿ. ಕೊಟ್ಟ ರಜೆಯನ್ನು ಕಿತ್ತುಕೊಳ್ಳುವ ಕರೆಗೆ ಅಂಜಿ ಓಗೊಡುವುದು ಕಾಯಕವಲ್ಲ, ಊಳಿಗ. ಈ ಭೇದವನ್ನು ಮಠದಲ್ಲಿ ಓದಿ ಇಂದು ದೊಡ್ಡ ಹುದ್ದೆಗಳಲ್ಲಿರುವವರು, ಅಂತಹ ಕರೆಯನ್ನು ಮಾಡುವ ಸ್ಥಾನದಲ್ಲಿರುವವರು, ಮೊದಲು ಅರಿಯಬೇಕಾಗಿದೆ. ಬರುವ ಶಿವರಾತ್ರಿಗೆ ತಮ್ಮ ಕೈಕೆಳಗಿನ ಒಬ್ಬನು ಬೆಟ್ಟಕ್ಕೆ ನಡೆಯುವೆನೆಂದು ರಜೆ ಕೇಳಿದರೆ, ಅವನು ಮರಳುವವರೆಗೂ ಅವನ ಸಂಖ್ಯೆಯನ್ನು ಅವರು ಒತ್ತದಿರಲಿ.