ಹಿಟ್ಟಿನ ಹುಂಜ, ಬಣ್ಣದ ಗಣಪ

ಭಾದ್ರಪದದ ಚೌತಿ ಬಂತೆಂದರೆ ಜಯನಗರ, ಬನಶಂಕರಿಗಳ ಜನ ಗಣಪತಿಯನ್ನು ಹೊತ್ತು ಯಡಿಯೂರು ಕೆರೆಯ ಕಡೆಗೆ ನಡೆಯುತ್ತಾರೆ. ಅವರು ನೀರಿಗೆ ಬಿಡುವುದು ದೇವರನ್ನಲ್ಲ. ದೇವರಿಗೆ ಮನೆಯಲ್ಲೇ ಅಕ್ಷತೆ ಹಾಕಿ ಉದ್ವಾಸನೆ ಮಾಡಿರುತ್ತಾರೆ. ಬೀಳುವುದು ಮಣ್ಣು, ಮತ್ತು ಮಣ್ಣಿಗೆ ಬಳಿದ ಬಣ್ಣ. ಮಣ್ಣನ್ನು ನೀರು ಬಲ್ಲದು. ಬಣ್ಣದ ಮಾತೇ ಬೇರೆ. ವಿಸರ್ಜನೆಗೆಂದೇ ಕೆರೆಯ ಮಗ್ಗುಲಲ್ಲಿ ಕಲ್ಯಾಣಿ ಕಟ್ಟಿದ್ದಾರೆ, ಒಳ್ಳೆಯದೇ. ಆದರೆ ಕಲ್ಯಾಣಿಯ ನೀರನ್ನೂ ಒಂದು ದಿನ ಎಲ್ಲಿಗಾದರೂ ಹರಿಸಲೇಬೇಕಷ್ಟೆ.

ನಮ್ಮ ಕೆರೆಕುಂಟೆಗಳಲ್ಲಿ ನೀರುಚಿಗಟವೆಂಬ ಪ್ರಾಣಿಯುಂಟು. ವಿಜ್ಞಾನಿಗಳು ಡ್ಯಾಫ್ನಿಯ ಎನ್ನುತ್ತಾರೆ. ಹೆಸರು ಚಿಗಟ, ನೆಂಟಸ್ತನ ಸೀಗಡಿ ಏಡಿಗಳೊಡನೆ. ಎಳ್ಳುಕಾಳಿನಷ್ಟಿದ್ದರೆ ಹೆಚ್ಚು. ಮೈ ಎಷ್ಟು ತಿಳಿಯೆಂದರೆ, ಸೂಕ್ಷ್ಮದರ್ಶಕದ ಕೆಳಗೆ ಅದರ ಗುಂಡಿಗೆ ಮಿಡಿಯುವುದು ಕಾಣುತ್ತದೆ. ಬೆನ್ನಿನ ಚೀಲದಲ್ಲಿ ಮರಿಗಳು ಬೆಳೆಯುವುದೂ ಕಾಣುತ್ತದೆ. ಕಾಲುಗಳಿಂದ ನೀರು ಸೋಸಿ ಪಾಚಿಯನ್ನು ತಿನ್ನುವುದೇ ಅದರ ಬದುಕು. ಅದಕ್ಕೆ ಮುಳುವಾದದ್ದೂ ಅದೇ. ಸೋಸಿ ತಿನ್ನುವುದಕ್ಕೆ ಆರಿಸಿ ತಿನ್ನುವ ಭಾಗ್ಯವಿಲ್ಲ. ತೇಲುವ ಬಣ್ಣದ ಪುಡಿಯೂ ಹೊಟ್ಟೆ ಸೇರುತ್ತದೆ. ಕೆಲವು ಹಳದಿ ಬಣ್ಣಗಳಲ್ಲಿ ಸೀಸವೂ ಕ್ರೋಮಿಯಮ್ಮೂ ಇರುತ್ತವೆ. ಬಣ್ಣ ಕದಡಿದ ನೀರಿನಲ್ಲಿ ಬೆಳಕಿಳಿಯದೆ ಪಾಚಿ ಸೊರಗುತ್ತದೆ. ಪಾಚಿಯಿಲ್ಲದೆ ಚಿಗಟವಿಲ್ಲ, ಚಿಗಟವಿಲ್ಲದೆ ಮೀನುಮರಿಗೆ ಊಟವಿಲ್ಲ. ಹೊಸ ರಾಸಾಯನಿಕವೊಂದು ಜಲಚರಗಳಿಗೆ ವಿಷವೇ ಎಂದು ತಿಳಿಯಬೇಕಾದರೆ ಪ್ರಯೋಗಶಾಲೆಯಲ್ಲಿ ಈ ಚಿಗಟದ ಮರಿಗಳನ್ನೇ ಅದರಲ್ಲಿ ಬಿಟ್ಟು, 48 ಗಂಟೆಗಳೊಳಗೆ ಎಷ್ಟು ಮರಿಗಳು ಈಜು ನಿಲ್ಲಿಸಿದುವೆಂದು ಎಣಿಸುತ್ತಾರೆ.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಜನ್ನ ನೆನಪಾಗದಿರುವುದಿಲ್ಲ. ಅವನ 'ಯಶೋಧರ ಚರಿತೆ'ಯಲ್ಲಿ (1209) ಅರಸನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ದೇವಿಗೆ ಬಲಿಗೊಡುತ್ತಾನೆ. ಸತ್ತದ್ದು ಹಿಟ್ಟು. ಆದರೂ ಕೊಲ್ಲುವ ಸಂಕಲ್ಪವಿತ್ತೆಂದು ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಒಂದು ಜನ್ಮದಲ್ಲಿ ಅರಸ ಮೀನೂ ಆಗುತ್ತಾನೆ. ಶಿಕ್ಷೆ ಅತಿಯಾಯಿತಲ್ಲವೆ ಎಂದು ತರಗತಿಯಲ್ಲಿ ಹುಡುಗರು ಕೇಳುವುದುಂಟು.

ನಮ್ಮದು ಅದರ ತಿರುವು. ಅಲ್ಲಿ ಸಂಕಲ್ಪವಿತ್ತು, ಜೀವವಿರಲಿಲ್ಲ. ಇಲ್ಲಿ ಜೀವವುಂಟು, ಸಂಕಲ್ಪವಿಲ್ಲ. ಹಾಗಾದರೆ ನಾವು ನಿರ್ದೋಷಿಗಳೆ? ತಿಳಿಯದ ಕಾಲದಲ್ಲಿ ಹೌದೆನ್ನುತ್ತಿದ್ದೆ. ಆದರೆ ವಿಷದ ಬಣ್ಣ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ ಹೇಳಿತು, 2020ರಲ್ಲಿ ಮತ್ತೆ ಹೇಳಿತು. ತಿಳಿದ ಮೇಲೂ ಕಿರೀಟದ ಹೊಳಪಿಗಾಗಿ ಅದನ್ನೇ ಆರಿಸುವುದು ಸಂಕಲ್ಪವಲ್ಲದೆ ಮತ್ತೇನು?

ಕಾಫಿಗೆ ನೀರು ಕಾಯಿಸುವಾಗಲೂ ಜೀವ ಹೋಗುತ್ತದಲ್ಲ ಎಂದು ಗೆಳೆಯರೊಬ್ಬರು ನಗುತ್ತಾರೆ. ನಿಜ. ಕೊಲ್ಲದೆ ಬಾಳುವುದು ಯಾರಿಗೂ ಆಗದು. ಜೈನ ಗೃಹಸ್ಥರು ಅದನ್ನು ಬಲ್ಲರು. ಬಲ್ಲುದರಿಂದಲೇ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ತಂದ ಬಾವಿಗೇ ಹಿಂದಿರುಗಿಸುವ ಪದ್ಧತಿಯಿಟ್ಟುಕೊಂಡರು. ಬಾಯಾರಿಕೆಗೆ ಆಗುವ ಹಿಂಸೆಯನ್ನೇ ಅವರು ಅಷ್ಟು ಅಳೆದರು. ನಮ್ಮ ಗಣಪನ ಬಣ್ಣ ಯಾರ ಬಾಯಾರಿಕೆಯನ್ನೂ ತಣಿಸುವುದಿಲ್ಲ. ಮಾರುವವನನ್ನು ಕೇಳಿದರೆ, "ಬಣ್ಣ ಇಲ್ಲದ್ದು ಹೋಗಲ್ಲ ಸ್ವಾಮಿ, ನೀವೇ ತಾನೆ ಕೇಳೋದು" ಎನ್ನುತ್ತಾನೆ.